ಸೆನ್ಸರ್ ತೋರಿಸುವ 100% ನಂಬಬೇಡಿ

ತೋಟದಲ್ಲಿ ಮಣ್ಣಿನ ತೇವ ಅಳೆಯಲು ಲೋರಾ (ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ರೇಡಿಯೋ) ಸೆನ್ಸರ್ ಹಾಕಿಸಿಕೊಂಡವರೆಲ್ಲ ನನ್ನನ್ನು ಮೊದಲು ಕೇಳುವುದು ಒಂದೇ: "ಸೆಲ್ ಇನ್ನೆಷ್ಟು ದಿನ ಬರುತ್ತೆ?" ಆ್ಯಪ್‌ನಲ್ಲಿ 100% ಅಂತ ಇರುತ್ತದೆ. ಅದು ಸುಮ್ನೆ, ಸಾಮಾನ್ಯವಾಗಿ ಸೆಲ್ಲಿನ ವೋಲ್ಟೇಜ್ ನೋಡಿ ಹಾಕಿದ ಅಂದಾಜು.

ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದು 3.6 ವೋಲ್ಟಿನ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್. ಹೊಸದರಲ್ಲೂ 3.6, ಮುಕ್ಕಾಲು ಪಾಲು ಖಾಲಿಯಾದ ಮೇಲೂ ಹೆಚ್ಚುಕಡಿಮೆ ಅಷ್ಟೇ, ಕೊನೆಗೆ ಒಮ್ಮೆಲೇ ಧೊಪ್ಪಂತ ಬೀಳುತ್ತದೆ. ಮಾಮೂಲಿ ಆಲ್ಕಲೈನ್ ಸೆಲ್ಲಾದರೆ ನಿಧಾನಕ್ಕೆ ಇಳಿಯುತ್ತದೆ, ವೋಲ್ಟೇಜ್ ನೋಡಿ ಏನೋ ಒಂದು ಅಂದಾಜು ಸಿಗುತ್ತದೆ.

ಹಾಗಾದರೆ ಖರ್ಚಾದ ಕರೆಂಟನ್ನೇ ಅಳೆದರಾಯಿತು, ಅಲ್ವಾ? ಅಲ್ಲೇ ಇರುವುದು ಕಷ್ಟ. ನಿದ್ದೆಯಲ್ಲಿ ಸೆನ್ಸರ್ ಎಳೆಯುವುದು 5 ಮೈಕ್ರೋಆಂಪ್, ರೇಡಿಯೋ ಕಳಿಸುವಾಗ 40 ಮಿಲಿಆಂಪ್. ಎಂಟು ಸಾವಿರ ಪಟ್ಟು ವ್ಯತ್ಯಾಸ! ಎರಡನ್ನೂ ಸರಿಯಾಗಿ ಅಳೆಯುವ ಚಿಪ್ ಹಾಕಿದರೆ ಅದೂ ಒಂದಿಷ್ಟು ತಿನ್ನುತ್ತದೆ.

ಅದಕ್ಕೆ ನನ್ನದು ಕಿರಾಣಿ ಅಂಗಡಿಯ ಉದ್ರಿ ಲೆಕ್ಕದ ದಾರಿ. ಯಾವ ಕೆಲಸಕ್ಕೆ ಎಷ್ಟು ಕರೆಂಟ್ ಅಂತ ಬೆಂಚಿನ ಮೇಲೆ ಮೊದಲೇ ಅಳೆದಿಟ್ಟುಕೊಂಡು, ಆ ಕೆಲಸ ಎಷ್ಟು ಹೊತ್ತು ನಡೆಯಿತು ಅಂತ ಫರ್ಮ್‌ವೇರ್‌ನಲ್ಲಿ (ಸೆನ್ಸರಿನೊಳಗಿನ ಪ್ರೋಗ್ರಾಂ) ಬರೆದುಕೊಳ್ಳುತ್ತಾ, ಗುಣಿಸಿ ಕೂಡಿಸುತ್ತಾ ಹೋಗುವುದು. ಇಂಥ ಪುಟ್ಟ ಡಬ್ಬಿಗಳಿಗೆಂದೇ ಇರುವ ಕಾಂಟಿಕಿ ಎಂಬ ಆಪರೇಟಿಂಗ್ ಸಿಸ್ಟಮ್‌ನ ಎನರ್ಜೆಸ್ಟ್ ಮಾಡ್ಯೂಲ್ ಈ ಹೊತ್ತಿನ ಲೆಕ್ಕವನ್ನೇ ಇಡುತ್ತದೆ.

ಈ ಲೆಕ್ಕ ಇಟ್ಟರೆ ಮಜಾ ಗೊತ್ತಾಗುತ್ತದೆ. ಗೇಟ್‌ವೇ (ಸೆನ್ಸರಿನ ಸಂದೇಶ ಹಿಡಿಯುವ ಪೆಟ್ಟಿಗೆ) ಹತ್ತಿರವಿದ್ದು ಎಸ್‌ಎಫ್7ರಲ್ಲಿ (ಲೋರಾದ ವೇಗದ ಮಟ್ಟ; ಅಂಕೆ ಏರಿದಷ್ಟೂ ನಿಧಾನ, ಆದರೆ ದೂರ ತಲುಪುತ್ತದೆ) ಕಳಿಸಿದರೆ ಒಂದು ಸಣ್ಣ ಸಂದೇಶಕ್ಕೆ 60 ಮಿಲಿಸೆಕೆಂಡ್ ಸಾಕು. ದೂರವಾಗಿ ಎಸ್‌ಎಫ್12ಕ್ಕೆ ಏರಿದರೆ ಸುಮಾರು ಒಂದೂವರೆ ಸೆಕೆಂಡ್ ಬೇಕು. ಕಾಲು ಗಂಟೆಗೊಮ್ಮೆ ಕಳಿಸಿದರೆ ಮೊದಲನೆಯದಕ್ಕೆ ವರ್ಷಕ್ಕೆ 23 ಮಿಲಿಆಂಪ್-ಅವರ್, ಎರಡನೆಯದಕ್ಕೆ 580ರ ಮೇಲೆ. ಸೆಲ್ಲಿನಲ್ಲಿ ಇರುವುದೇ 2400ರ ಆಸುಪಾಸು. ಅದೇ ಡಬ್ಬಿ, ಅದೇ ಸೆಲ್, ಗುಡ್ಡದ ಆಚೆ ನೆಟ್ಟಿದ್ದೇ ತಪ್ಪು.

ಲೆಕ್ಕವೊಂದನ್ನೇ ನಂಬಿ ಕೂತರೂ ಆಗಲ್ಲ. ಸೆಲ್ ಸುಮ್ಮನಿದ್ದರೂ ತನ್ನಷ್ಟಕ್ಕೆ ಸವೆಯುತ್ತದೆ, ಬಿಸಿಲಿಗೆ ಇನ್ನೂ ಜಾಸ್ತಿ. ಹಾಗಾಗಿ ರೇಡಿಯೋ ಕಳಿಸುತ್ತಿರುವ ಹೊತ್ತಿಗೇ ವೋಲ್ಟೇಜ್ ನೋಡಿ. ಹಳೆಯ ಸೆಲ್ಲಿನ ಒಳಗಿನ ರೆಸಿಸ್ಟೆನ್ಸ್ ಏರಿರುತ್ತದೆ, ಭಾರ ಬಿದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ. ವಾರದಿಂದ ವಾರಕ್ಕೆ ಆ ಕುಸಿತ ಹೆಚ್ಚಾಗುತ್ತಿದ್ದರೆ ಹೊಸ ಸೆಲ್ ತರಿಸಿಡಿ. ತಿಂಗಳುಗಟ್ಟಲೆ ಮಲಗಿದ್ದ ಹೊಸ ಸೆಲ್ಲೂ ಮೊದಲ ಸಲ ಹೀಗೇ ಕುಸಿಯುವುದುಂಟು, ಗಾಬರಿ ಬೇಡ, ನಾಲ್ಕು ಸಲ ಕಳಿಸಿದ ಮೇಲೆ ಸರಿಹೋಗುತ್ತದೆ.

ಇನ್ನೊಂದು. ವೋಲ್ಟೇಜ್ ಅಳೆಯಲು ಎರಡು 100 ಕಿಲೋಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿ ಬಿಟ್ಟರೆ ಅದೇ 18 ಮೈಕ್ರೋಆಂಪ್ ಹಗಲೂ ರಾತ್ರಿ ಕುಡಿಯುತ್ತದೆ, ನಿದ್ದೆಯಲ್ಲಿರುವ ಸೆನ್ಸರಿನ ಮೂರೂವರೆ ಪಟ್ಟು. ಮಧ್ಯೆ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಮಾಸ್‌ಫೆಟ್ ಇಟ್ಟು, ಅಳೆಯುವಾಗ ಮಾತ್ರ ಆನ್ ಮಾಡಿ.