ಸಡಿಲ ಅಂತ ಬಿಗಿ ಮಾಡಿದ ಮೇಜು

ಬೆಳಗಾವಿಯ ಅನಗೋಳದಲ್ಲಿ ನನ್ನದು ಹಳೆಯ ಮರದ ಸಾಮಾನು ರಿಪೇರಿ ಮಾಡುವ ಸಣ್ಣ ಅಂಗಡಿ. 2020ರ ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಮೇಜುಗಳ ಕೆಲಸ ಜಾಸ್ತಿಯಾಯಿತು. ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆನ್ನು ನೋಯಿಸಿಕೊಂಡವರು ಅಜ್ಜನ ಕಾಲದ ಮೇಜು ಹೊರಗೆ ತೆಗೆಸುತ್ತಿದ್ದರು.

ಅಂಥದ್ದೇ ಒಂದು ಸಾಗವಾನಿ ಮೇಜು ಬಂತು. ಟಿಳಕವಾಡಿಯ ಹಳೆಯ ಮನೆಯದು. ಮೊಮ್ಮಗಳು ವಿಜಯಪುರದಲ್ಲಿದ್ದು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದಳು. ಅಜ್ಜ ಕೂತು ಬರೆದ ಮೇಜು ತನಗೇ ಬೇಕು ಅಂದಿದ್ದಳು. ಎರಡೂವರೆ ಅಡಿ ಅಗಲ, ಮುಂದೆ ಮೂರು ಖಾನೆ. ಖಾನೆಯ ಮೂಲೆಗಳು ಬೆರಳಿಗೆ ಬೆರಳು ಹೆಣೆದ ಹಾಗೆ ಕೈಯಲ್ಲೇ ಕೊರೆದವು. ಒಂದು ಮೊಳೆಯೂ ಇರಲಿಲ್ಲ. ಹಿಂದಿನ ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಹಚ್ಚಿ ಉಜ್ಜಿದೆ, ಕಂದು ಬಣ್ಣ ಹತ್ತಿಗೆ ಬಂತು. ಅಂದರೆ ಅರಗಿನ ಪಾಲಿಶ್. ಇಂಥದ್ದನ್ನು ಪೂರ್ತಿ ಕೆರೆದು ತೆಗೆಯಬಾರದು. ಅದೇ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮೇಲೆ ತೆಳ್ಳಗೆ ಹಚ್ಚುತ್ತ ಹೋದರೆ ಹಳೆಯ ಹೊಳಪು ತಾನಾಗಿ ಏಳುತ್ತದೆ. ಖಾನೆ ಜಾರುವ ಪಟ್ಟಿಗಳಿಗೆ ಮೇಣದ ಬತ್ತಿ ಉಜ್ಜಿದೆ. ಇಷ್ಟೂ ಸರಿಯಾಗಿಯೇ ಮಾಡಿದೆ.

ತಪ್ಪಾಗಿದ್ದು ಮೇಲಿನ ಹಲಗೆಯಲ್ಲಿ. ಅದನ್ನು ಕೆಳಗಿನಿಂದ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದ್ದರು. ಮುಂದಿನ ಸ್ಕ್ರೂಗಳ ತೂತು ದುಂಡಗಿದ್ದವು. ನಡುವಿನವು ಮತ್ತು ಹಿಂದಿನವು ಉದ್ದುದ್ದ ಇದ್ದವು. ಹಲಗೆ ಒತ್ತಿದರೆ ಹಿಂದೆ ಚೂರು ಅಲುಗುತ್ತಿತ್ತು. ಬಳಸಿ ಬಳಸಿ ತೂತು ಸವೆದಿದೆ ಅಂದುಕೊಂಡೆ. ಮರದ ಪುಡಿಗೆ ಅಂಟು ಕಲಸಿ ತುಂಬಿ, ಹೊಸ ಸ್ಕ್ರೂ ಹಾಕಿ ಬಿಗಿ ಮಾಡಿದೆ. ಸಾಲದು ಅಂತ ಚೌಕಟ್ಟಿನ ಸುತ್ತ ಅಂಟೂ ಹಾಕಿದೆ. ಅಷ್ಟು ಹಳೆಯ ಸಾಗವಾನಿ, ಒಣಗುವಷ್ಟು ಒಣಗಿರುತ್ತದೆ, ಇನ್ನೇನು ಆಗುತ್ತದೆ ಎಂಬ ನಂಬಿಕೆ ನನ್ನದು. ಸೆಪ್ಟೆಂಬರ್‌ನಲ್ಲಿ ಮೇಜು ವಿಜಯಪುರಕ್ಕೆ ಹೋಯಿತು.

ಮಾರ್ಚ್‌ನಲ್ಲಿ ಫೋನ್ ಬಂತು. "ಕಾಕಾ, ರಾತ್ರಿ ಟಪ್ ಅಂತ ದೊಡ್ಡ ಸಪ್ಪಳ ಬಂತ್ರಿ. ಮುಂಜಾನೆ ನೋಡಿದ್ರ ಮೇಜಿನ ನಡುವ ಸೀಳ್ಯದರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟ ಇತ್ತು. ಅಜ್ಜನ ಮೇಜು, ಅಲ್ವಾ?

ಅಲ್ಲಿಗೆ ಹೋಗಿ, ಮೇಜು ಬೋರಲು ಹಾಕಿ ನೋಡಿದಾಗ ಅರ್ಥವಾಯಿತು. ಮರ ಎಷ್ಟೇ ಹಳೆಯದಾದರೂ ಗಾಳಿಯ ತೇವ ಹೀರುವುದನ್ನು, ಬಿಡುವುದನ್ನು ನಿಲ್ಲಿಸುವುದಿಲ್ಲ. ತೇವ ಕುಡಿದರೆ ಅಗಲವಾಗುತ್ತದೆ, ಒಣಗಿದರೆ ಸಣ್ಣಗಾಗುತ್ತದೆ. ಅದೂ ಎಳೆಗೆ, ಅಂದರೆ ಮರದ ನಾರು ಓಡಿದ ದಿಕ್ಕಿಗೆ, ಅಡ್ಡಲಾಗಿ ಮಾತ್ರ. ಎಳೆಯ ಉದ್ದಕ್ಕೆ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಮೇಲಿನ ಹಲಗೆಯ ಎಳೆ ಎಡದಿಂದ ಬಲಕ್ಕೆ ಓಡಿತ್ತು. ಹಾಗಾಗಿ ಅದು ಸಣ್ಣಗಾಗುವುದು ಹಿಂದಿನಿಂದ ಮುಂದಕ್ಕೆ. ಚೌಕಟ್ಟಿನ ಪಕ್ಕದ ಪಟ್ಟಿಗಳ ಎಳೆ ಓಡಿದ್ದೇ ಹಿಂದಿನಿಂದ ಮುಂದಕ್ಕೆ, ಆ ದಿಕ್ಕಿಗೆ ಅವು ಕುಗ್ಗುವುದಿಲ್ಲ. ಬೆಳಗಾವಿಯ ಮಳೆಗಾಲದ ತೇವ ಕುಡಿದಿದ್ದ ಹಲಗೆ ವಿಜಯಪುರದ ಒಣ ಬಿಸಿಲಿಗೆ ಕುಗ್ಗಲು ನೋಡಿದೆ. ನಾನು ನಾಲ್ಕೂ ಕಡೆ ಕಟ್ಟಿಹಾಕಿದ್ದೆ. ಸೀಳದೆ ಇನ್ನೇನು ಮಾಡೀತು? ಪಾಲಿಶ್ ಇದನ್ನು ನಿಧಾನ ಮಾಡುತ್ತದೆಯೇ ಹೊರತು ತಡೆಯುವುದಿಲ್ಲ.

ಆ ಉದ್ದನೆಯ ತೂತು ಸವೆತ ಅಲ್ಲ. ಅದನ್ನು ಮಾಡಿದ ಬಡಗಿ ಹಲಗೆ ಓಡಾಡಲಿ ಅಂತ ಬೇಕೆಂದೇ ಬಿಟ್ಟ ಜಾಗ. ನಡುವಿನದು, ಹಿಂದಿನದು ಏಕೆ ಉದ್ದ, ಮುಂದಿನದು ಏಕೆ ದುಂಡಗೆ ಅಂತ ನಾನು ಒಂದು ಸಲವಾದರೂ ಕೇಳಿಕೊಂಡಿದ್ದರೆ ಸಾಕಿತ್ತು. ಈ ಮಾತು ನನ್ನನ್ನು ಬಹಳ ದಿನ ಕಾಡಿತು.

ಎರಡು ದಿನ ಅಲ್ಲೇ ಉಳಿದೆ. ಬಿಸಿ ಮಾಡಿದ ತೆಳು ಅಲಗಿನಿಂದ ಅಂಟು ಬಿಡಿಸಿದೆ, ಸ್ಕ್ರೂ ತೆಗೆದೆ. ಸೀಳು ಹಳೆಯ ಜೋಡಣೆಯ ಗುಂಟ ಹೋಗಿದ್ದು ಪುಣ್ಯ. ಅಂಚು ಚೊಕ್ಕ ಮಾಡಿ, ಅಂಟು ಹಚ್ಚಿ, ಕ್ಲ್ಯಾಂಪ್ ಹಾಕಿ ಕೂಡಿಸಿದೆ. ಮುಂಭಾಗಕ್ಕೆ ಮಾತ್ರ ಗಟ್ಟಿಯಾಗಿ ಸ್ಕ್ರೂ ಹಾಕಿದೆ. ಉಳಿದ ಕಡೆ ಚೌಕಟ್ಟಿನ ಒಳಮೈಗೆ ಉದ್ದನೆಯ ತೋಡು ಕೊರೆದು, ನಾಲಿಗೆಯಂತೆ ಅದರೊಳಗೆ ಕೂರುವ ಸಣ್ಣ ಮರದ ತುಂಡುಗಳನ್ನು ಹಲಗೆಗೆ ಬಿಗಿದೆ. ಹಲಗೆ ಮೇಲೆ ಏಳುವುದಿಲ್ಲ, ಹಿಂದೆ ಮುಂದೆ ಜಾರಬಹುದು.

ಅವಳಿಗೆ ಇನ್ನೊಂದು ತೊಂದರೆ ಇತ್ತು. ಮೇಜು 30 ಇಂಚು ಎತ್ತರ, ಕೈಯಲ್ಲಿ ಬರೆಯಲು ಮಾಡಿದ್ದು. ಟೈಪ್ ಮಾಡಿದರೆ ಭುಜ ಮೇಲೇಳುತ್ತಿತ್ತು. "ಕಾಲು ಎರಡು ಇಂಚು ಕೊಯ್ದು ಬಿಡ್ರಿ ಕಾಕಾ" ಅಂದಳು. ನಾನು ಒಪ್ಪಲಿಲ್ಲ. ಕುರ್ಚಿ ಎತ್ತರ ಮಾಡಿಸಿ, ಕಾಲಿಡಲು ಒಂದು ಮಣೆ ಮಾಡಿಕೊಟ್ಟೆ. ವೈರ್‌ಗೂ ಮೇಲಿನ ಹಲಗೆ ಕೊರೆಯಲಿಲ್ಲ. ಹಿಂದಿನ ಅಂಚಿನಿಂದ ಇಳಿಸಿ ಕಾಲಿಗೆ ಕಟ್ಟಿದೆ.

ಹೊರಡುವ ಮೊದಲು ಹಿಂಭಾಗದಲ್ಲಿ, ಹಲಗೆಯ ಅಡಿಮೈ ಮತ್ತು ಪಕ್ಕದ ಪಟ್ಟಿ ಎರಡಕ್ಕೂ ಸೇರಿ ಒಂದು ಪೆನ್ಸಿಲ್ ಗೆರೆ ಎಳೆದು ಬಂದೆ. ಆಗಸ್ಟ್‌ನಲ್ಲಿ ಅವಳು ಸ್ಕೇಲ್ ಹಿಡಿದು ಫೋಟೊ ಕಳಿಸಿದಳು. ಮೇಲಿನ ಗೆರೆ ಕೆಳಗಿನದನ್ನು ಬಿಟ್ಟು ಎರಡು ಮಿಲಿಮೀಟರ್ ಹಿಂದೆ ಸರಿದಿತ್ತು.