ಪಾನ್ ಅಂಗಡಿಯ ಗಲ್ಲಾ ಪಕ್ಕದ ಗೂಡು

ಹುಬ್ಬಳ್ಳಿ-ಧಾರವಾಡದ ಪಾನ್ ಅಂಗಡಿಯಲ್ಲಿ ಸಿಗರೇಟಿನ ಗೂಡು ಎಲ್ಲಿರುತ್ತದೆ ನೋಡಿ: ಗಲ್ಲಾ ಪಕ್ಕ, ಗಿರಾಕಿಯ ಕಣ್ಣಿನ ನೇರಕ್ಕೆ. ಕೆಳಗೇ ಪೆಪ್ಪರಮಿಂಟಿನ ಬರಣಿ. ಗೂಡನ್ನು ಕಂಪನಿಯವರೇ ಪುಕ್ಕಟೆ ಕೊಟ್ಟಿದ್ದರೆ, ಯಾವ ಬ್ರ್ಯಾಂಡ್ ಎಲ್ಲಿ ಕೂರಬೇಕೆಂಬುದೂ ಅವರ ಮಾತೇ.

ಕಾನೂನಿನ ಪ್ರಕಾರ ಅಂಗಡಿಯ ತಂಬಾಕು ಬೋರ್ಡು 60×45 ಸೆಂ.ಮೀ. ಮೀರಬಾರದು, ಬ್ರ್ಯಾಂಡ್ ಹೆಸರು ಇರಬಾರದು, ಒಳಗೆ ಲೈಟೂ ಕೂಡದು. ಹಾಗಾಗಿ ಪ್ಯಾಕುಗಳ ಸಾಲೇ ಜಾಹೀರಾತು. ಹಿಂದೆ-ಮುಂದೆ 85% ಎಚ್ಚರಿಕೆ ಚಿತ್ರವಿದೆಯಲ್ಲ? ಪ್ಯಾಕನ್ನು ಅಡ್ಡ ಮಲಗಿಸಿದರೆ ಬದಿಯ ಬಣ್ಣವಷ್ಟೇ ಕಾಣುತ್ತದೆ. ಬಿಡಿ ಮಾರಾಟ ಇನ್ನೂ ಪಕ್ಕಾ ಉಪಾಯ: ಒಂದೇ ಸಿಗರೇಟು ಕೈಗೆ ಬರುತ್ತದೆ, ಚಿತ್ರ ಅಂಗಡಿಯಲ್ಲೇ ಉಳಿಯುತ್ತದೆ.

ಗುಟ್ಕಾ ರಾಜ್ಯದಲ್ಲಿ 2013ರಿಂದ ಬಂದ್. ಆದರೆ ಪಾನ್ ಮಸಾಲಾ, ತಂಬಾಕು ಎರಡು ಚೀಟಿಯಾಗಿ ಜೋಡಿಯಲ್ಲೇ ನೇತಾಡುತ್ತವೆ. ಕಲಸುವುದು ಗಿರಾಕಿಯ ಅಂಗೈಯಲ್ಲಿ.