ಕಂಬಿ ಏರಿಸಿದರೆ ಸಾಕು ಅಂದುಕೊಂಡಿದ್ದೆ

ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್. ಕೆಲಸಕ್ಕೆ ಸೇರಿದ ಹೊಸತು, ಮೇ ತಿಂಗಳ ರಾತ್ರಿ ಪಾಳಿ. ಹೃದಯದ ತೊಂದರೆಗೆ ಸೇರಿದ್ದ ಮುತ್ಯಾ ಒಬ್ಬರ ಮಂಚಕ್ಕೆ ಎರಡೂ ಬದಿಯ ಕಂಬಿ ಏರಿಸಿದೆ. ಬೆಲ್ ಕೈಗೆ ಸಿಗುವ ಹಾಗೆ ಇಟ್ಟು, 'ಏನಾದರೂ ಬೇಕಾದರೆ ಒತ್ತಿ' ಅಂತ ಹೇಳಿ ಬಂದೆ.

ರಾತ್ರಿ 3 ಗಂಟೆಗೆ ಧಪ್ ಅಂತ ಸದ್ದು. ಓಡಿದೆ. ಕಂಬಿಗಳು ಏರಿಸಿದ ಹಾಗೇ ಇದ್ದವು. ಮುತ್ಯಾ ಕಾಲು ದೆಸೆಯಿಂದ ಇಳಿಯಲು ಹೋಗಿ ಬಿದ್ದಿದ್ದರು. ಧೋತರದ ಅಂಚು ಹೆಬ್ಬೆರಳಿಗೆ ಸುತ್ತಿಕೊಂಡಿತ್ತು. ಬಲಗಾಲು ಗಿಡ್ಡ ಕಾಣುತ್ತಿತ್ತು, ಪಾದ ಹೊರಗೆ ಹೊರಳಿತ್ತು. ಸೊಂಟದ ಹತ್ತಿರ ಮೂಳೆ ಮುರಿದಾಗ ಸಾಮಾನ್ಯವಾಗಿ ಹೀಗೇ ಕಾಣುತ್ತೆ. ಅವರ ಮಗ ಎತ್ತಲು ಬಂದ, ತಡೆದೆ. ಡಾಕ್ಟರ್ ಬರುವವರೆಗೆ ಅವರ ತಲೆ ಹತ್ತಿರ ನೆಲದ ಮೇಲೇ ಕೂತೆ.

'ಬೆಲ್ ಯಾಕೆ ಒತ್ತಲಿಲ್ಲ ಮುತ್ಯಾ?'

'ಒಂದಕ್ಕ ಹೋಗಲಿಕ್ಕ ನಿನಗ್ಯಾಕ ತ್ರಾಸ ಕೊಡೋದು ತಂಗಿ?'

ಮೂತ್ರ ಜಾಸ್ತಿ ಹೋಗಲೆಂದು ಮಾತ್ರೆ ಕೊಟ್ಟಿದ್ದು ನಾನೇ, ಸಂಜೆ. ರಾತ್ರಿ ಏಳಲೇಬೇಕಾಗುತ್ತೆ ಅಂತ ನನಗೆ ಗೊತ್ತಿರಬೇಕಿತ್ತು. ಕಂಬಿ ಇದ್ದರೂ ಎದ್ದೇ ಏಳುತ್ತಾರೆ. ದಾಟಲು ಹೋದರೆ ಇನ್ನೂ ಎತ್ತರದಿಂದ ಬೀಳುತ್ತಾರೆ.

ಈಗ ನಾನು ಬೆಲ್‌ಗೆ ಕಾಯುವುದಿಲ್ಲ. ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ಒಮ್ಮೆ, ನಸುಕಿನಲ್ಲಿ ಒಮ್ಮೆ ನಾನೇ ಹೋಗುತ್ತೇನೆ. 'ಹೋಗಬೇಕಾ?' ಅಂತ ಕೇಳಿದರೆ ಬೇಡ ಅನ್ನುತ್ತಾರೆ. 'ನಡೀರಿ, ಹೋಗಿ ಬರೋಣ' ಅಂದರೆ ಎದ್ದು ಬರುತ್ತಾರೆ. ಮಾತ್ರೆಯ ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳಲೂ ಈಗ ಹಿಂಜರಿಯುವುದಿಲ್ಲ.

ಇನ್ನೊಂದು ವಿಷಯ, ಬಿಪಿ. ನಮ್ಮಲ್ಲಿ ಮಲಗಿದಲ್ಲೇ ನೋಡಿ ಬರೆದುಬಿಡುತ್ತೇವೆ, ಅಲ್ವಾ? ಒಬ್ಬ ಅಜ್ಜಿಗೆ ಮಲಗಿದಾಗ ಮೇಲಿನ ಬಿಪಿ 134 ಇತ್ತು. ಎಬ್ಬಿಸಿ ನಿಲ್ಲಿಸಿ ನೋಡಿದೆ, 106. ಅಷ್ಟರಲ್ಲಿ 'ಕಣ್ಣಿಗೆ ಕತ್ತಲಿ ಬಂತು' ಅಂತ ನನ್ನ ತೋಳು ಗಟ್ಟಿಯಾಗಿ ಹಿಡಿದರು. ನಿಂತ 3 ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ನಮ್ಮ ಬಿಸಿಲು 40 ಡಿಗ್ರಿ ದಾಟುತ್ತೆ, ಮೈಯ ನೀರು ಆರುತ್ತೆ, ಮೇಲೆ ಬಿಪಿ ಮಾತ್ರೆ ಬೇರೆ. ಬೇಸಿಗೆಯಲ್ಲಿ ಇದನ್ನು ನಾನು ತಪ್ಪದೆ ನೋಡುತ್ತೇನೆ. ಹಿರಿಯರನ್ನು ಎಬ್ಬಿಸಿದ ಕೂಡಲೇ ನಡೆಸುವುದಿಲ್ಲ. ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಿಸಿ, ಪಾದ ಆಡಿಸಲು ಹೇಳಿ, ಆಮೇಲೆ ನಿಲ್ಲಿಸುತ್ತೇನೆ.

ಡಿಸ್ಚಾರ್ಜ್ ದಿನ ಮನೆಯವರಿಗೆ ಒಂದೇ ಪ್ರಶ್ನೆ: 'ಬಚ್ಚಲಿಗೆ ಯಾವ ಕಲ್ಲು ಹಾಕಿದ್ದೀರಿ?' ಹೆಚ್ಚಿನವರು ಶಹಾಬಾದ್ ಕಲ್ಲು ಅನ್ನುತ್ತಾರೆ. ವರ್ಷಗಟ್ಟಲೆ ಸವೆದು ನುಣುಪಾದ ಆ ಕಲ್ಲಿನ ಮೇಲೆ ಸೋಪಿನ ನೀರು ಬಿದ್ದರೆ ಹರೆಯದವರಿಗೂ ಕಾಲು ನಿಲ್ಲುವುದಿಲ್ಲ. ತಿಕ್ಕಿ ತೊಳೆದು ಒಣಗಿಸಿ, ಹಿಡಿಯಲು ಗೋಡೆಗೆ ಒಂದು ಕಬ್ಬಿಣದ ಸಲಾಕೆ ಹಾಕಿಸಿ, ರಾತ್ರಿ ಲೈಟ್ ಆರಿಸಬೇಡಿ ಅನ್ನುತ್ತೇನೆ. ಧೋತರ, ಸೀರೆ ಎರಡು ಬೆರಳು ಮೇಲಕ್ಕೆ ಉಡಿಸಿ ಅಂತಲೂ ಹೇಳುತ್ತೇನೆ. ಆ ಹೆಬ್ಬೆರಳು ಇನ್ನೂ ಕಣ್ಣ ಮುಂದಿದೆ.